ಅಥೆನ್ಸಿನಲ್ಲೊಂದು ಲೋಟ ನೀರು

ಗಡ್ಡ ಹೆರೆದುಕೊಳ್ಳುವಾಗ ಪರಭಾಷೆಯನ್ನು ಉರು ಹೊಡೆಯಬಾರದು; ನಾಲಗೆ ತೊಡರುವುದರ ಜೊತೆಗೆ ಕೆನ್ನೆಯೂ ಕುಯ್ದುಹೋಗುತ್ತದೆ. ಈ ಜ್ಞಾನೋದಯ ನನಗಾದದ್ದು ಗ್ರೀಸ್ ಪ್ರವಾಸಕ್ಕೆ ಹೊರಡುವ ಮುನ್ನ. ಹೊಸದುರ್ಗದ ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಬೋಧಿಸಿ ನಿವೃತ್ತನಾದ ನನಗೆ, ಕಂಡ ಪದದ ಮೂಲವನ್ನೆಲ್ಲ ಅಗೆದು ಕೇಳಿದವರಿಗೂ ಕೇಳದವರಿಗೂ ಉಣಬಡಿಸುವ ಚಾಳಿಯುಂಟು. ಅಂಥವನು ಗ್ರೀಸಿನಲ್ಲಿ ಮೂಕನಾಗಿರುವುದುಂಟೇ? ಕನ್ನಡಿಯೆದುರು ‘ಎಫ್ಖರಿಸ್ತೊ’ ಎಂದು ಅವರ ಭಾಷೆಯಲ್ಲಿ ಕೃತಜ್ಞತೆ ಅಭ್ಯಸಿಸುತ್ತಿದ್ದರೆ, ಹೆಂಡತಿ ಪಾರ್ವತಿ ಅಡುಗೆಮನೆಯಿಂದಲೇ, “ಬೆಳಗ್ಗೆದ್ದು ಯಾರಿಗ್ರೀ ಬೈತಿದೀರಾ?” ಎನ್ನುತ್ತಿದ್ದಳು.

ದುರ್ಗ, ಹೊಳಲ್ಕೆರೆ ಕಡೆಯ ನಮ್ಮಂಥ ನಿವೃತ್ತರದೇ ತಂಡ. ಅಥೆನ್ಸಿನ ಕೋಟೆಗುಡ್ಡವನ್ನು ಕಂಡೊಡನೆ ಎಲ್ಲರೂ ಒಕ್ಕೊರಲಿನಿಂದ, “ನಮ್ಮ ದುರ್ಗದ ಬಂಡೆ ಮುಂದೆ ಇದ್ಯಾವ ಲೆಕ್ಕ!” ಎಂದು ತೀರ್ಪಿತ್ತು, ಆಮೇಲೆ ಏದುಸಿರು ಬಿಡುತ್ತ ಹತ್ತಿದೆವು. ಇಳಿಯುವಾಗ ಗುಡ್ಡದ ಮಗ್ಗುಲಲ್ಲಿ ಸುಣ್ಣ ಬಳಿದ ಪುಟ್ಟ ಮನೆಗಳ ಓಣಿ. ಅಲ್ಲೊಂದು ಫಲಕದ ಅಕ್ಷರಗಳನ್ನು ನಾನು ಕೂಡಿಸಿ ಓದುತ್ತ ನಿಂತೆ. ಪಾರ್ವತಿಯೂ ನನಗಾಗಿ ನಿಂತಳು; ತಂಡ ಮುಂದೆ ಸಾಗಿತು.

ಅಂದು ಸೋಮವಾರ. ಪಾರ್ವತಿಗೆ ಉಪವಾಸ. ಪರದೇಶದಲ್ಲಿ ಬೇಡವೆಂದರೂ ಕೇಳಿರಲಿಲ್ಲ. ನೆತ್ತಿಯ ಮೇಲೆ ಹಿರಿಯೂರಿನ ಬೇಸಿಗೆಯಂಥದೇ ಬಿಸಿಲು. “ರೀ, ಕಣ್ಣು ಕತ್ಲೆ ಬರ್ತೈತೆ” ಎಂದವಳೇ ಮೆಟ್ಟಿಲ ಮೇಲೆ ಕುಸಿದಳು. ಕೈ ಹಿಡಿದರೆ ತಣ್ಣಗೆ, ಕರೆದರೆ ಓಗೊಡಲಿಲ್ಲ. ಬಾಟಲಿ ಖಾಲಿ. ತಿಂಗಳುಗಟ್ಟಲೆ ಕಲಿತ ಗ್ರೀಕ್ ಭಾಷೆಯಲ್ಲಿ ಒಂದಕ್ಷರವೂ ನೆನಪಾಗದೆ, ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ನಾನು ಕೂಗಿದ್ದು ಕನ್ನಡದಲ್ಲೇ:

“ನೀರು! ಯಾರಾದ್ರೂ ನೀರು ಕೊಡ್ರೀ!”

ನೀಲಿ ಬಾಗಿಲೊಂದು ತೆರೆಯಿತು. ಕಪ್ಪುಡುಗೆಯ ಮುದುಕಿಯೊಬ್ಬಳು ಇಣುಕಿ, “ನೆರೊ?” ಎಂದಳು.

“ಹೂಂ ತಾಯಿ, ನೀರು!”

ಒಳಗೋಡಿ ತಂಬಿಗೆಯಷ್ಟು ದೊಡ್ಡ ಲೋಟದಲ್ಲಿ ನೀರು ತಂದಳು. ಪಾರ್ವತಿಯ ಮುಖಕ್ಕೆ ಚಿಮುಕಿಸಿ, ಸೆರಗು ಸಡಿಲಿಸಿ, ಕಣ್ಣು ಬಿಟ್ಟೊಡನೆ ಲೋಟವನ್ನು ತುಟಿಗಿಟ್ಟಳು. ಆಮೇಲೆ ಸಕ್ಕರೆ ಪಾಕದಲ್ಲದ್ದಿದ ಚೆರಿ ಹಣ್ಣನ್ನು ಚಮಚದಲ್ಲಿ ಹಿಡಿದಳು. ನನ್ನಾಕೆ ಕ್ಷೀಣವಾಗಿ, “ಇವತ್ತು ಸೋಮವಾರ...” ಎಂದಳು. ಮುದುಕಿಗೆ ತಿಳಿಯಿತೋ ಬಿಟ್ಟಿತೋ, ಗದರಿದ ಧಾಟಿ ಮಾತ್ರ ಮತ್ತೋಡು ಊರಿನ ನಮ್ಮತ್ತೆಯದೇ. ಪಾರ್ವತಿ ಚಮಚಕ್ಕೆ ಬಾಯಿ ತೆರೆದಳು. ನನಗೆ ಅಳು ಬಂತು. ಬಿಸಿಲಿನ ನೆಪದಲ್ಲಿ ಮುಖ ಒರೆಸಿಕೊಂಡೆ.

ಆಕೆಯ ನೆರಳಿನಂಗಳದಲ್ಲಿ ಬಹಳ ಹೊತ್ತು ಕುಳಿತೆವು. ಅವರಿಬ್ಬರೂ ತಂತಮ್ಮ ಭಾಷೆಯಲ್ಲಿ ಮಂಡಿನೋವು, ಮಕ್ಕಳು, ಗಂಡಂದಿರ ವಿಚಾರ ಮಾತಾಡಿದರು. ಕೊನೆಯ ವಿಷಯ ಬಂದದ್ದು, ಇಬ್ಬರೂ ನನ್ನತ್ತ ನೋಡಿ ನಕ್ಕದ್ದರಿಂದ ಗೊತ್ತಾಯಿತು. ಕುಂಡದಲ್ಲಿದ್ದ ಗಿಡ ಮೂಸಿ ಪಾರ್ವತಿ, “ಅಯ್ಯ, ಕಾಮಕಸ್ತೂರಿ!” ಎಂದು ಹಿಗ್ಗಿದಾಗ ಮುದುಕಿ ಕುಡಿಯೊಂದನ್ನು ಚಿವುಟಿ ಕೊಟ್ಟಳು. ಇವಳದನ್ನು ತುರುಬಿಗೇರಿಸಿ, “ನಮ್ಮೂರಿಗೆ ಬರ್ರಿ, ಅಕ್ಕಾರೇ” ಎಂದು ಕರೆದೂ ಕರೆದಳು.

ಬಸ್ಸಿನಲ್ಲಿ ಕಿಟಕಿಗೊರಗಿದ ಪಾರ್ವತಿ ಕೇಳಿದಳು: “ಅಲ್ರೀ, ಆಯಮ್ಮಂಗೆ ಕನ್ನಡ ಹೆಂಗೆ ಬಂತು?”

ಗ್ರೀಕಿನಲ್ಲಿ ನೀರಿಗೆ ‘ನೆರೊ’ ಎನ್ನುತ್ತಾರೆ, ನಮ್ಮ ‘ನೀರಿ’ನೊಂದಿಗೆ ಅದರ ಧ್ವನಿಸಾಮ್ಯ ಕೇವಲ ಆಕಸ್ಮಿಕವೆಂಬ ಪಾಂಡಿತ್ಯಪೂರ್ಣ ಉಪನ್ಯಾಸವೊಂದು ನನ್ನ ಗಂಟಲವರೆಗೆ ಬಂದಿತ್ತು. ಅವಳ ಮುಖಕ್ಕೆ ಮರಳಿದ್ದ ಬಣ್ಣವನ್ನು ನೋಡಿದೆ.

“ಬರ್ತೈತೆ ಕಣೆ, ಒಬ್ಬೊಬ್ರಿಗೆ” ಎಂದೆ.