ಅಕ್ಕನಿಗೆ ಮಾಡಿದ ಎರಡು ಕಣ್ಣು

ಬೀದಿಯವರೆಲ್ಲ ಅವನನ್ನು ಕಣ್ಣು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಣ್ಣಾಸ್ಪತ್ರೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕುಳಿತು, ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅವನ ಕಸುಬು. ಇಪ್ಪತ್ತಾರು ವರ್ಷದಿಂದ ಅದೊಂದೇ. ಖಾಲಿ ಗುಳಿಯ ಅಚ್ಚನ್ನು ಮೇಣದಲ್ಲಿ ತೆಗೆದು, ಬಿಳಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಉಳಿದ ಕಣ್ಣನ್ನು ನೋಡಿ ನೋಡಿ ಕೂದಲೆಳೆಯಂಥ ಕುಂಚದಿಂದ ಪಾಪೆ ಬರೆಯುತ್ತಿದ್ದ. "ಕಪ್ಪು ಕಣ್ಣು ಅಂತ ಯಾರಿಗೂ ಇರಲ್ಲಾರೀ. ಕಂದು, ಒಳಗೆ ಹಳದಿ, ಅಂಚಲ್ಲಿ ಬೂದಿ. ಕಪ್ಪು ಬಳಿದ್ರೆ ಗೊಂಬೆ ಕಣ್ಣಾಗುತ್ತೆ," ಎನ್ನುತ್ತಿದ್ದ. ರಕ್ತನಾಳಗಳಿಗೆ ಕೆಂಪು ರೇಷ್ಮೆ ದಾರವನ್ನು ಎಳೆಎಳೆಯಾಗಿ ಬಿಡಿಸಿ ಅಂಟಿಸುತ್ತಿದ್ದ. ದಾರ ಅಕ್ಕನ ಹೊಲಿಗೆ ಅಂಗಡಿಯದು.

ಬಂದವರೆಲ್ಲ ಕೇಳುವುದು ಒಂದೇ ಮಾತು: "ಇದರಲ್ಲಿ ಸ್ವಲ್ಪನಾದ್ರೂ ಕಾಣುತ್ತಾ?"

"ಕಾಣೋ ಹಾಗಿದ್ರೆ ನಾನೇ ಬೆನ್ನಿಗೊಂದು ಹಾಕ್ಕೋತಿದ್ದೆ," ಎಂದು ನಗಿಸಿ ಕಳಿಸುತ್ತಿದ್ದ. ಆದರೆ ತಾನು ಮಾಡುವುದು ಎದುರು ನಿಂತು ನೋಡುವವರಿಗೇ ಹೊರತು ಹಾಕಿಕೊಂಡವರಿಗಲ್ಲ ಎಂಬುದು ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ಊರವರ ಬಟ್ಟೆ ಹೊಲಿದು ಅವನನ್ನು ಓದಿಸಿದವಳು ಅವಳು. ಮದುವೆಯ ಮಾತೆತ್ತಿದರೆ, "ಒಬ್ಬನನ್ನ ಸಾಕಿದ್ದೇ ಸಾಕು," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅರವತ್ತು ದಾಟಿದ ಮೇಲೂ ಮಿಷನ್ನಿನ ಮುಂದಿನಿಂದ ಎದ್ದಿರಲಿಲ್ಲ.

ಒಂದು ಮಧ್ಯಾಹ್ನ ದಪ್ಪ ಸೋಫಾ ಬಟ್ಟೆ ಹೊಲಿಯುವಾಗ ಸೂಜಿ ಮುರಿದು, ತುಂಡು ಅವಳ ಎಡಗಣ್ಣಿಗೆ ಹೊಕ್ಕಿತು. ಗಾಯ ಹೊಲಿದ ಮೇಲೆ ಡಾಕ್ಟರಮ್ಮ ಅವನನ್ನು ವರಾಂಡಕ್ಕೆ ಕರೆದರು.

"ಈ ಕಣ್ಣು ಇನ್ನು ಬರಲ್ಲ. ಹಾಗೇ ಬಿಟ್ರೆ ಇದರ ದೆಸೆಯಿಂದ ಒಳ್ಳೇ ಕಣ್ಣೂ ಕೆಡಬಹುದು. ಹಾಗಾಗೋದು ಅಪರೂಪ. ಆದ್ರೂ ಎರಡು ವಾರದೊಳಗೆ ತೆಗೆಸಿಬಿಡೋದು ಒಳ್ಳೇದು."

"ಬೆಳಕು ಕಾಣುತ್ತೆ ಅಂತಾಳಲ್ಲ?"

"ಬೆಳಕು ಅಷ್ಟೇ. ಅವರನ್ನೂ ಒಂದು ಮಾತು ಕೇಳಿ."

"ನಾನೇ ಹೇಳ್ತೀನಿ ಬಿಡಿ," ಎಂದ.

ಆ ಅಪರೂಪದ ಕೇಡನ್ನು ಅವನು ತನ್ನ ಇಡೀ ಕೆಲಸದಲ್ಲಿ ಎರಡೇ ಸಲ ನೋಡಿದ್ದ. ಖಾಲಿ ಗುಳಿಗಳನ್ನೋ, ಲೆಕ್ಕವಿಲ್ಲದಷ್ಟು. ಅಕ್ಕನ ಮುಖಕ್ಕೆ ಮೇಣ ಹಿಡಿಯಲು ಅವನಿಗೆ ಧೈರ್ಯ ಸಾಲಲಿಲ್ಲ. ತಾನು ಮಾಡುವ ಕಣ್ಣಿಗೆ ಹಗಲು ರಾತ್ರಿ ಎರಡೂ ಒಂದೇ. ಈ ಗಾಯದ ಕಣ್ಣಿಗೆ ಕಿಟಕಿಯಾದರೂ ತಿಳಿಯುತ್ತಿತ್ತು. ಹಾಸಿಗೆಯ ಬಳಿ ಹೋಗಿ, "ಉಳಿಸ್ಕೋಬಹುದಂತೆ ಅಕ್ಕ, ಕಾದು ನೋಡೋಣ," ಎಂದುಬಿಟ್ಟ. ಡಾಕ್ಟರಮ್ಮನಿಗೆ, ಅಕ್ಕ ಒಪ್ಪುತ್ತಿಲ್ಲ ಎಂದ.

ಏಳನೆಯ ವಾರ ಅಕ್ಕ ಸೂಜಿ ಹಿಡಿದುಕೊಂಡು ಬಂದಳು. "ಈ ಸೂಜಿಗೆ ತೂತೇ ಇಲ್ಲ ಕಣೋ, ನೋಡು." ತೂತು ಇತ್ತು. ಅವಳ ಬಲಗಣ್ಣು ಕೆಂಡದಂತಾಗಿತ್ತು.

ಆಮೇಲೆ ಮಾತ್ರೆ, ಚುಚ್ಚುಮದ್ದು, ಕತ್ತಲೆ ಕೋಣೆ. ಎಡಗಣ್ಣನ್ನು ತೆಗೆದದ್ದೂ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂದರೆ ಮದ್ದು ಕೇಳುತ್ತದೆಯೇ? ಬಲಗಣ್ಣು ಒಂದು ತಿಂಗಳು ತಿಳಿಯಾದರೆ ಎರಡು ತಿಂಗಳು ಮಂಜಾಗುತ್ತಿತ್ತು. ಅದರ ಕಂದು ಬಣ್ಣ ಇನ್ನೂ ಉಳಿದಿದ್ದಾಗಲೇ ಅದನ್ನು ನೋಡಿ ಅವನು ಎಡಗಡೆಗೊಂದು ಕಣ್ಣು ಮಾಡಿದ. ಹದಿನೇಳು ದಿನ ಹಿಡಿಯಿತು. ಅಷ್ಟು ಚೆಂದದ್ದನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ವರ್ಷ ತುಂಬುವುದರೊಳಗೆ ಬಲಗಣ್ಣು ಪೂರ್ತಿ ಆರಿ, ಬೆಳ್ಳಗಾಗಿ, ಕುಗ್ಗಿಹೋಯಿತು. ಅದರ ಮೇಲೆ ಕೂರಿಸಲು ತೆಳುವಾದ ಚಿಪ್ಪಿನಂಥ ಕಣ್ಣು ಬೇಕಾಯಿತು. ನೋಡಿ ಬರೆಯಲು ಜೀವಂತ ಕಣ್ಣು ಇರಲಿಲ್ಲ. ತಾನೇ ಮಾಡಿದ ಎಡಗಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ಅದನ್ನೇ ನಕಲು ಮಾಡಿದ.

ಎರಡೂ ಹಾಕಿದ ದಿನ ಪಕ್ಕದ ಮನೆಯವಳು ಬಂದು, "ಏನೂ ಆಗೇ ಇಲ್ಲ ಅನ್ನೋ ಹಾಗಿದೀರಲ್ಲಾ!" ಎಂದು ಸಂತೋಷಪಟ್ಟು ಹೋದಳು.

ಅವಳ ಚಪ್ಪಲಿ ಸದ್ದು ದೂರವಾದ ಮೇಲೆ ಅಕ್ಕ ಕೇಳಿದಳು. "ಆಸ್ಪತ್ರೇಲಿ ಒಬ್ಬಳು ಹೇಳ್ತಿದ್ಲು, ಮೊದಲೇ ಒಂದು ತೆಗೆಸಿದ್ರೆ ಇನ್ನೊಂದು ಉಳೀತಿತ್ತು ಅಂತ. ಹೌದೇನೋ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಎರಡು ಕಂದು ಕಣ್ಣು ಅವನತ್ತಲೇ ತಿರುಗಿದ್ದವು, ನೆಟ್ಟಗೆ, ರೆಪ್ಪೆ ಬಡಿಯದೆ. ಅವನು ಎಲ್ಲವನ್ನೂ ಹೇಳಿಬಿಟ್ಟ: ವರಾಂಡ, ಎರಡು ವಾರ, ತಾನು ಆಡಿದ ಮಾತು. "ಹೆದರಿಬಿಟ್ಟೆ ಅಕ್ಕ," ಎಂದ.

ಅಕ್ಕ ತನ್ನ ರವಿಕೆ ತೋಳಿನ ಹೊಲಿಗೆಯನ್ನು ಬೆರಳಿನಿಂದ ತಡವಿದಳು.

"ಹೆದರಿಕೆ ನಿಂದು. ಕಣ್ಣು ನಂದು. ಒಂದು ಮಾತು ಕೇಳಬಹುದಿತ್ತಲ್ಲೋ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ದಿನಾ ಬೆಳಿಗ್ಗೆ ಅವನು ಅವಳ ಕಣ್ಣು ತೆಗೆದು, ತೊಳೆದು, ಮತ್ತೆ ಕೂರಿಸುತ್ತಿದ್ದ. ಅವಳು ಮುಖ ಎತ್ತಿ ಕೊಡುತ್ತಿದ್ದಳು. ಮಾತೆಂದರೆ ಕೇಳಿದ್ದಕ್ಕೆ ಉತ್ತರ: ಬಿಸಿನೀರು, ಊಟ, ಹೊದಿಕೆ. ಬೇರೆ ಮಾತಿಲ್ಲ. ಆಸ್ಪತ್ರೆಯಲ್ಲಿ ಅವನ ಕೆಲಸ ನಡೆದೇ ಇತ್ತು, ಬರುವವರು ಬರುತ್ತಲೇ ಇದ್ದರು. ಅವನು ಮಾತ್ರ ಯಾರನ್ನೂ ನಗಿಸುತ್ತಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ತೊಳೆದ ಕಣ್ಣನ್ನು ಅವನು ಮುಂದೆ ತಂದಾಗ ಅಕ್ಕ ಅವನ ಕೈ ತಡೆದಳು. "ಇನ್ನು ಬೇಡ. ಒತ್ತುತ್ತವೆ. ಯಾರಿಗೆ ತೋರಿಸೋಕೆ ಹಾಕ್ಕೊಳ್ಳಲಿ?"

"ನನಗೋಸ್ಕರ," ಎನ್ನಲು ಹೊರಟವನು ಕಣ್ಣನ್ನು ತಟ್ಟೆಯಲ್ಲಿಟ್ಟ.

ಅಕ್ಕ ಎದ್ದಳು. ಹಿಡಿದುಕೊಳ್ಳಲು ಕೈ ಚಾಚಿದ. ಅದು ಹೇಗೆ ತಿಳಿಯಿತೋ, "ಬಿಡು, ದಾರಿ ಗೊತ್ತು," ಎಂದು ಗೋಡೆ ಸವರುತ್ತ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.