ಅಂಕಯ್ಯನೂ ಕಿರುಗಾವಲಿನ ಎಮ್ಮೆಯೂ

ಅಂಕಯ್ಯನ ಮೀಸೆ ಸುತ್ತಲಿನ ನಾಲ್ಕೂರಿಗೆ ಗೊತ್ತಿದ್ದ ಮೀಸೆ. ಬಂಡೂರಿಗೆ ಹತ್ತಿರದ ಅವನ ಹಳ್ಳಿಯಲ್ಲಿ ಪಂಚಾಯ್ತಿ ಸೇರಿದರೆ ಮಾತೆಲ್ಲ ಬೇರೆಯವರದು. ಅಂಕಯ್ಯ ಸುಮ್ಮನೆ ಕೂತು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಅಷ್ಟಕ್ಕೇ ಅರ್ಧ ಜಗಳ ತೀರಿಬಿಡುತ್ತಿತ್ತು. ಮಾತೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೆಂಡತಿ ಸಣ್ಣತಾಯಮ್ಮನ ಜೊತೆ ಇಷ್ಟು ವರ್ಷ ಸಂಸಾರ ಮಾಡಿ, ಎರಡು ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸಿದ್ದರೂ, ಅವಳೊಡನೆ ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೆ ಒಂದು ಸಂತೆಯ ದಿನದ ಹರಟೆಯಷ್ಟೂ ಆಗುತ್ತಿರಲಿಲ್ಲ. "ಮುದ್ದೆ ಇಕ್ಕು", "ಬತ್ತೀನಿ", "ಸಾಕು" ಎಂಬುದರಲ್ಲೇ ಅವನ ದಾಂಪತ್ಯ ಸಾಂಗವಾಗಿ ನಡೆದಿತ್ತು. ಅಂಥವನು ಒಂದು ದಿನ ಎಮ್ಮೆಯ ಮುಂದೆ ಕೂತು ಬಾಯಿ ಬಿಡಬೇಕಾಯಿತು.

ಆಗ ನಾಲೆಯ ನೀರು ಬಂದ ಹೊಸದು. ದಸರಾ ಕಳೆದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿತ್ತು, ಹೊಲದಲ್ಲಿ ರಾಗಿ ತೆನೆ ತೂಗುತ್ತಿತ್ತು, ಯಾವುದಕ್ಕೂ ಇನ್ನೂ ಕುಡುಗೋಲು ಹಾಕುವ ಹಾಗಿರಲಿಲ್ಲ. ಊರಿಗೆ ಊರೇ ಕಾಲು ಚಾಚಿ ಕೂತಿದ್ದ ಆ ದಿನಗಳಲ್ಲಿ ಕಿರುಗಾವಲಿನಿಂದ ಸುದ್ದಿ ಬಂತು. ಸಣ್ಣತಾಯಮ್ಮನ ತಾಯಿ ಬೆಟ್ಟಮ್ಮ ಹಾಸಿಗೆ ಹಿಡಿದಿದ್ದಾಳೆ, ಗಂಜಿಯೂ ಗಂಟಲಲ್ಲಿ ಇಳಿಯುತ್ತಿಲ್ಲ, ಮಗಳನ್ನು ಕೇಳುತ್ತಿದ್ದಾಳೆ. ಸಣ್ಣತಾಯಮ್ಮ ಗಂಡನ ಮುಖ ನೋಡಿದಳು.

"ಓಗು," ಎಂದ ಅಂಕಯ್ಯ. ಅವಳು ಗಾಡಿ ಹತ್ತುವಾಗ, ಯಾರೂ ಕೇಳದಿದ್ದರೂ, "ಅವ್ವನ ತಾವೇ ಇರು. ಇಲ್ಲಿಂದ ಯಾರೂ ಕರ್ಸಾಕಿಲ್ಲ," ಎಂದೂ ಸೇರಿಸಿದ. ಸಣ್ಣತಾಯಮ್ಮ ಒಮ್ಮೆ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು, ಅಷ್ಟೇ.

ಆ ನೋಟಕ್ಕೆ ಅಂಕಯ್ಯ ಗಾಡಿಯ ಗೂಟ ಹಿಡಿದುಕೊಂಡ. ಹಿಂದೆ, ಮಕ್ಕಳು ಚಿಕ್ಕವರಿದ್ದಾಗ, ಅವಳ ಅಪ್ಪ ಹೀಗೇ ಸಾಯಲು ಬಿದ್ದಿದ್ದ. ಆಗಲೂ ಅವಳು ಹೋಗಿದ್ದಳು. ಹೋಗಿ ಒಂದು ದಿನ ಕಳೆದಿತ್ತೋ ಇಲ್ಲವೋ, ಆಗ ಇನ್ನೂ ಬದುಕಿದ್ದ ಅಂಕಯ್ಯನ ತಾಯಿ "ಎಮ್ಮೆ ಆಲು ಕೊಡ್ತಿಲ್ಲ, ಬಂದ್ಬುಡು" ಎಂದು ಹೇಳಿ ಕಳಿಸಿದಳು. ಅವಳು ಬಂದಳು, ಹಾಲು ಕರೆದಳು. ಮಾರನೆಯ ಬೆಳಿಗ್ಗೆ ಅಪ್ಪ ಹೋದ ಸುದ್ದಿ ಬಂತು. ತಾಯಿ ಹೇಳಿ ಕಳಿಸುವಾಗ ಅಂಕಯ್ಯ ಜಗುಲಿಯ ಮೇಲೇ ಇದ್ದ. ಬೇಡವೆನ್ನಲಿಲ್ಲ. ಸಣ್ಣತಾಯಮ್ಮ ಆ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ಎತ್ತಲಿಲ್ಲವಾದ್ದರಿಂದ ಮರೆತಿದ್ದಾಳೆ ಎಂದುಕೊಂಡು ಅವನು ಇಷ್ಟು ವರ್ಷ ಹಾಯಾಗಿದ್ದ. ಗಂಡಸರಿಗೆ ಇಂಥ ಹಾಯಿ ಬಲು ಸಲೀಸಾಗಿ ಸಿಗುತ್ತದೆ. ಅವಳು ಮರೆತಿರಲಿಲ್ಲವೆಂದು ಅವನಿಗೆ ತಿಳಿದದ್ದು ಆ ಗಾಡಿಯ ಬಳಿ. ಈ ಸಲ ಏನೇ ಆಗಲಿ, ಅವಳನ್ನು ಕರೆಸಕೂಡದೆಂದು ಅಲ್ಲೇ ತೀರ್ಮಾನ ಮಾಡಿಕೊಂಡ.

ತೀರ್ಮಾನ ಮಾಡಿದ್ದು ಅವನು ಮಾತ್ರ. ಎಮ್ಮೆಯನ್ನು ಯಾರೂ ಕೇಳಿರಲಿಲ್ಲ. ಅದು ಆಗಿನ ಎಮ್ಮೆಯ ಮೊಮ್ಮಗಳು, ಸಣ್ಣತಾಯಮ್ಮನ ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಕಡಸಿನ ಸಂತಾನ. ಹಟದಲ್ಲಿ ಅಜ್ಜಿಯನ್ನು ಮೀರಿಸಿದ್ದು. ಅದರ ಕರು ಸತ್ತ ಮೇಲಂತೂ ಸಣ್ಣತಾಯಮ್ಮನ ಕೈಗಲ್ಲದೆ ಇನ್ನೊಬ್ಬರ ಕೈಗೆ ತೊಟ್ಟು ಹಾಲು ಇಳಿಸುತ್ತಿರಲಿಲ್ಲ. ಅವಳು ಹೋದ ಸಂಜೆ ಪಕ್ಕದ ಮನೆಯ ಚಿಕ್ಕಬೋರಮ್ಮ, ಅಂಕಯ್ಯನಿಗೆ ಚಿಕ್ಕವ್ವನಾಗಬೇಕು, ತಾನು ಕರೆಯುತ್ತೇನೆಂದು ಬಂದು ಒದೆ ತಿಂದು ಕುಂಟುತ್ತ ಹೋಗಿದ್ದಳು.

ಮಾರನೆಯ ದಿನ ಅಂಕಯ್ಯ ಬೆಳಕು ಹರಿಯುವ ಮುಂಚೆ ಎದ್ದು ಕೊಟ್ಟಿಗೆ ಬಾಚಿದ. ಬಾಗಿಲಿಗೆ ಸಗಣಿ ನೀರು ಹಾಕಿದ. ರಂಗೋಲಿಯ ಕರಟ ಕೈಗೆತ್ತಿಕೊಂಡು, ಬೀದಿಯ ಆಚೀಚೆ ನೋಡಿ, ಒಂದು ಗೆರೆ ಎಳೆದ. ಅದು ನೇಗಿಲ ಸಾಲಿನ ಹಾಗೆ ನೆಟ್ಟಗೆ ಬಂತು. ಇಷ್ಟು ಸಾಕೆಂದುಕೊಂಡು ಕರಟವನ್ನು ಮೂಲೆಗಿಟ್ಟು, ತಂಬಿಗೆ ಹಿಡಿದು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಮ್ಮೆ ತಿರುಗಿ ನೋಡಿ, ಮೀಸೆಯನ್ನು ಗಮನಿಸಿ, ಒದೆಯಿತು. ತಂಬಿಗೆ ಗೋಡೆಗೆ ಬಡಿಯಿತು, ಅಂಕಯ್ಯ ಅಂಗಾತ ಬಿದ್ದ. ಬಾಚಿದ್ದು ಒಳ್ಳೆಯದೇ ಆಯಿತು.

ಹಾಲಿಗೆ ಕಾದು ಕೂತಿದ್ದ ಕೊತ್ತಿ ಖಾಲಿ ತಂಬಿಗೆಯನ್ನು ಮೂಸಿ, ಅವನ ಕಡೆ ನೋಡದೆ ಹೊರಗೆ ಹೋಯಿತು. ಅಂಕಯ್ಯ ಒಲೆ ಹಚ್ಚಿದ. ಊದಿ ಊದಿ ಕಣ್ಣು ಕೆಂಪಾಯಿತು. ಎಸರಿಗೆ ರಾಗಿ ಹಿಟ್ಟು ಹಾಕಿ ಕೋಲಲ್ಲಿ ತಿರುವಿದರೆ ಗಂಟೇ ಗಂಟು. ಮುದ್ದೆ ಕಟ್ಟಿದರೆ ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಕಲ್ಲು. ದಿನಾ ತಟ್ಟೆಗೆ ಬಂದು ಬೀಳುತ್ತಿದ್ದ ಆ ದುಂಡನೆಯ ಮುದ್ದೆಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ, ಮುರಿದಿದ್ದ, ಅಷ್ಟೇ. ತನ್ನ ಮುದ್ದೆಯನ್ನು ಕೊನೆಯ ಗಂಟಿನವರೆಗೂ ನುಂಗಿ, ತಟ್ಟೆ ತಾನೇ ತೊಳೆದ.

ಬಿಸಿಲೇರಿದ ಮೇಲೆ ಹಿತ್ತಲಿಗೆ ಹೋದ. ಅದು ಸಣ್ಣತಾಯಮ್ಮನ ರಾಜ್ಯ. ಬೇಲಿಯ ಮೇಲೆ ಹೀರೆ ಬಳ್ಳಿ, ಬಚ್ಚಲ ನೀರಿನ ಜಾಡಿನಲ್ಲಿ ಬದನೆ, ಬಾವಿಯ ಪಕ್ಕ ಮೊಗ್ಗು ಹಿಡಿದ ಸೇವಂತಿಗೆಯ ಸಾಲು. ಒಂದೊಂದು ಗಿಡದ ಬುಡಕ್ಕೂ ಒಡೆದ ಮಡಕೆಯ ಚೂರು ನೆಟ್ಟು ಪಾತಿ ಕಟ್ಟಿದ್ದಳು. ಅಂಕಯ್ಯ ನೀರು ಸೇದಿ, ಚೂರು ಕದಲದ ಹಾಗೆ ಹುಷಾರಾಗಿ ಹುಯ್ಯುತ್ತಿದ್ದಾಗ ಬೇಲಿಯಾಚೆಯಿಂದ ಚಿಕ್ಕಬೋರಮ್ಮನ ದನಿ ಬಂತು.

"ಏನ್ಲಾ ಮಗ, ಒಸಿ ಆಲಾದ್ರೂ ಬತ್ತಾ?"

"ಇಲ್ಲ ಚಿಕ್ಕವ್ವ."

"ನಂಗೊತ್ತಿತ್ತು ಬುಡು. ಕೆಚ್ಚಲು ನೋಡ್ದಾ? ಕಲ್ಲಾಗದೆ. ಇವತ್ತು ಸಂಜೀಕೂ ಕರೀದಿದ್ರೆ ಬಾವು ಬಂದು ಎಮ್ಮೆ ಕೈ ಬುಟ್ಟೋಯ್ತದೆ. ತಿಮ್ಮಯ್ಯ ಸಂಜೆ ಕಿರುಗಾವಲ್ಗೆ ಗಾಡಿ ಕಟ್ತಾನೆ. ಸಣ್ಣತಾಯಿಗೆ ಬಂದ್ಬುಡು ಅನ್ನಪ್ಪ ಅಂತ ಏಳಿವ್ನಿ ಅವನ್ಗೆ."

ಅಂಕಯ್ಯನ ಕೈಯಲ್ಲಿದ್ದ ಬಿಂದಿಗೆ ಕೆಳಗಿಳಿಯಿತು. "ಯಾರು ಏಳು ಅಂದ್ರು ನಿಂಗೆ? ಬ್ಯಾಡ ಅನ್ನು."

"ಬ್ಯಾಡ ಅಂದ್ರೆ ಕರಿಯೋರ್ಯಾರ್ಲಾ?"

"ನಾನು."

ಚಿಕ್ಕಬೋರಮ್ಮ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಆಯ್ತು. ಗಾಡಿ ಈ ಬೀದೀಲೇ ಓಗಾದು. ಅಷ್ಟೊತ್ಗೆ ನೀನು ಕರ್ದಿದ್ರೆ ಗಾಡಿ ನಿಲ್ಸಿ ನೀನೇ ಬ್ಯಾಡ ಅನ್ನು. ಇಲ್ದಿದ್ರೆ ನಾ ಏಳಿದ್ದೇ ಆಗ್ಲಿ. ಎಮ್ಮೆ ಜೀವ ತೆಗ್ದು ಏನ್ ಮಾಡೀಯೆ? ಅವಳ ಸೀರೆ ಉಟ್ಕೊಂಡು ಕೂತ್ಕೊ, ವಾಸ್ನೆಗೆ ಒಗ್ಗೋಯ್ತದೆ."

"ಗಂಡ್ಸು ಕಣವ್ವ ನಾನು."

"ಅದ ಎಮ್ಮೆಗೇಳು. ಇನ್ನೊಂದು ಕಣ್ಲಾ, ಅವಳು ಬಾಯಿ ಮುಚ್ಕೊಂಡು ಕರಿಯಾಕಿಲ್ಲ. ಮಾತಾಡ್ತಾ ಕರೀತಾಳೆ."

"ಮಾತಾ? ಏನ್ ಮಾತು?"

"ಒಂದೇ ಮನೇಲಿರೋನು ನೀನು, ನನ್ನ ಕೇಳೀಯಲ್ಲ! ನಮ್ಮೂರವ್ಳೇ, ನಮ್ಮೂರವ್ಳೇ ಅಂತ ಸುರು ಮಾಡ್ತಾಳೆ. ಬೇಲಿಗಂಟ ಅಷ್ಟೇ ಕೇಳಾದು."

ಚಿಕ್ಕಬೋರಮ್ಮ ಹೋದ ಮೇಲೂ ಅಂಕಯ್ಯ ಸೇವಂತಿಗೆಯ ಮುಂದೆ ನಿಂತೇ ಇದ್ದ. ನಮ್ಮೂರವಳು. ಈ ಮನೆಗೆ ಬಂದು ತಲೆ ನೆರೆಯುವ ಹೊತ್ತಾಗಿದ್ದರೂ ಅವಳಿಗೆ ನಮ್ಮೂರು ಎಂದರೆ ಕಿರುಗಾವಲೇ ಆಗಿತ್ತು. ಆ ಊರಿನವರು ಅಂತ ಇಲ್ಲಿ ಅವಳಿಗೆ ಇದ್ದದ್ದು ಎಮ್ಮೆಯೊಂದೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅದರ ಕಿವಿಗೆ ಹಾಕಿ, ಒಳಗೆ ಬಂದು ಇವನಿಗೆ ಮುದ್ದೆ ಇಕ್ಕುತ್ತಿದ್ದಳು. ಅಂಕಯ್ಯನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು.

ಹೊತ್ತಿಳಿಯುತ್ತಿದ್ದಂತೆ ಅವನು ಬೀದಿ ಬಾಗಿಲಿಗೆ ಅಗಣಿ ಹಾಕಿದ. ಗಳುವಿನ ಮೇಲಿದ್ದ, ಹರಿದ ಅಂಚಿಗೆ ಹೊಲಿಗೆ ಹಾಕಿದ್ದ ಹೆಂಡತಿಯ ಹಸಿರು ಸೀರೆ ಎಳೆದು, ಪಂಚೆಯ ಮೇಲೆ ಹೇಗೋ ಸುತ್ತಿ, ಸೆರಗನ್ನು ತಲೆಯ ಮೇಲಿಂದ ತಂದು ಮೀಸೆ ಮುಚ್ಚಿಕೊಂಡ. ಉಡುವುದೂ ಒಂದು ವಿದ್ಯೆಯೆಂದು ಆಗ ಗೊತ್ತಾಯಿತು. ಎರಡು ಸಲ ಕಾಲಿಗೆ ತೊಡರಿ ಮುಗ್ಗರಿಸಿದ. ಬಿಸಿನೀರು, ಹರಳೆಣ್ಣೆ, ತಂಬಿಗೆ ತೆಗೆದುಕೊಂಡು ಕೊಟ್ಟಿಗೆಗೆ ಹೋದ. ಎಮ್ಮೆ ಸೀರೆಯನ್ನು ಮೂಸಿತು. ಮತ್ತೆ ಮೂಸಿತು. ಈ ಸಲ ಒದೆಯಲಿಲ್ಲ.

ಕೆಚ್ಚಲಿಗೆ ಬಿಸಿನೀರು ತಾಗಿಸಿ, ಎಣ್ಣೆ ಸವರಿ, ಮೆಲ್ಲಗೆ ನೀವಿದ. ಎಮ್ಮೆ ಸುಮ್ಮನೆ ನಿಂತಿತ್ತು, ಹಾಲು ಮಾತ್ರ ಇಳಿಯಲಿಲ್ಲ. ಅಂಕಯ್ಯ ಕೆಮ್ಮಿದ. "ನಮ್ಮೂರವ್ಳೇ," ಎಂದ. ಎಮ್ಮೆ ಕಿವಿ ಅಲ್ಲಾಡಿಸಿತು. ಆದರೆ ಅವನ ಬಾಯಲ್ಲಿ ಆ ಮಾತು ಸುಳ್ಳಾಗಿತ್ತು, ಅವನಿಗೇ ಕೇಳಿಸಿತು.

"ಅವಳೂರವ್ಳೇ," ಎಂದು ತಿದ್ದಿಕೊಂಡ. ಮುಂದೇನು ಹೇಳಬೇಕೆಂದು ತೋಚದೆ ರಾಗಿಯ ವಿಷಯ ಹೇಳಿದ. ಮುದ್ದೆ ಗಂಟಾದದ್ದನ್ನು ಹೇಳಿದ. ಸೇವಂತಿಗೆಗೆ ನೀರು ಹಾಕಿದ್ದನ್ನು ಹೇಳಿದ. ಹಾಲು ಬರಲಿಲ್ಲ. ದೂರದಲ್ಲಿ, ಊರ ಬಾಗಿಲ ಕಡೆ, ಎತ್ತಿನ ಕೊರಳ ಗಂಟೆ ಕೇಳಿತು. ತಿಮ್ಮಯ್ಯ ಗಾಡಿ ಕಟ್ಟಿದ್ದ.

ಅಂಕಯ್ಯ ಎಮ್ಮೆಯ ಹೊಟ್ಟೆಗೆ ಹಣೆಯಿಟ್ಟ.

"ಅವತ್ತು ನಮ್ಮವ್ವ ಏಳಿ ಕಳಿಸ್ದಾಗ ನಾನು ಜಗ್ಲಿ ಮೇಲೇ ಇದ್ದೆ. ಇರ್ಲಿ ಬುಡವ್ವ, ಅವಳು ಅಪ್ಪನ ತಾವ ಇರ್ಲಿ ಅನ್ಬೋದಾಗಿತ್ತು. ಅನ್ನಲಿಲ್ಲ. ಅವರಪ್ಪನ ಕಡೇ ಉಸ್ರಿಗೆ ಅವಳು ಇಲ್ದಂಗೆ ಮಾಡ್ಬುಟ್ಟೆ. ಅವಳು ಅದ ನಿಂಗೆ ಏಳ್ಕಂಡು ಅತ್ತಿರ್ತಾಳೆ, ನಂಗೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈ ಸಲ ಅಂಗಾಗಾಕೆ ನಾ ಬುಡಾಕಿಲ್ಲ. ಒದೀತೀಯಾ, ಒದಿ. ನಾನಂತೂ ಇಲ್ಲಿಂದ ಕದಲಾಕಿಲ್ಲ."

ಹೇಳುತ್ತಿದ್ದಷ್ಟು ಹೊತ್ತೂ ಅವನ ಕೈ ನೀವುತ್ತಲೇ ಇತ್ತು. ಬೆರಳಿಗೆ ಏನೋ ಬೆಚ್ಚಗೆ ತಗುಲಿತು. ಮೊದಲು ಒಂದೇ ಒಂದು ಎಳೆ, ಸೀರೆಯ ಮೇಲೆ ಚೆಲ್ಲಿತು. ಆಮೇಲೆ ತಂಬಿಗೆಯ ತಳಕ್ಕೆ ಸರ್ರನೆ ಸದ್ದಾಯಿತು. ಎಮ್ಮೆ ದೊಡ್ಡದಾಗಿ ಉಸಿರು ಬಿಟ್ಟಿತು. ಅಂಕಯ್ಯ ಅಳುತ್ತ, ಮೂಗೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಕರೆದೇ ಕರೆದ.

ತಂಬಿಗೆ ತುಂಬುವ ಹೊತ್ತಿಗೆ ಗಂಟೆಯ ಸದ್ದು ಮನೆಯ ಮುಂದೇ ಬಂದಿತ್ತು. ನೋಡನೋಡುತ್ತ ದಾಟಿಯೂ ಹೋಯಿತು. ಅಂಕಯ್ಯ ಎದ್ದ. ಸೀರೆ ಬಿಚ್ಚಲು ಗಂಟಿಗೆ ಕೈ ಹಾಕಿದ, ಗಂಟು ಬಿಗಿದುಕೊಂಡಿತ್ತು. ಬೀದಿಯಲ್ಲಿ ಸಂಜೆಯ ಹೊತ್ತು, ಜಗುಲಿ ಜಗುಲಿಯ ಮೇಲೂ ಜನ. ಗಂಟೆಯ ಸದ್ದು ಸಣ್ಣಗಾಗುತ್ತಿತ್ತು. ಅವನು ಗಂಟು ಬಿಟ್ಟು ತಂಬಿಗೆ ಎತ್ತಿಕೊಂಡ, ಅಗಣಿ ತೆಗೆದ, ಓಡಿದ.

ಹಸಿರು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬೀದಿಯ ನಡುಮಧ್ಯೆ ಒಂದು ಹೆಂಗಸು ದಾಪುಗಾಲು ಹಾಕಿ ಓಡುತ್ತಿರುವುದನ್ನು ಊರು ನೋಡಿತು. ಸೆರಗು ಜಾರಿತು. ಮೀಸೆ ಕಂಡಿತು. ಯಾರೋ ಕೇಕೆ ಹಾಕಿದರು.

"ನಿಲ್ಸು ತಿಮ್ಮಯ್ಯ!"

ತಿಮ್ಮಯ್ಯ ಹಗ್ಗ ಎಳೆದು, ತಿರುಗಿ ನೋಡಿ, ಬಾಯಿ ಬಿಟ್ಟ. "ಅಂಕಣ್ಣೋ! ಇದೇನಣ್ಣ ವೇಸ?"

"ವೇಸ ಇರ್ಲಿ. ಸಣ್ಣತಾಯಿನ ಬರಬ್ಯಾಡ ಅನ್ನು. ಎಮ್ಮೆ ಆಲು ಕೊಡ್ತು, ಅವಳು ಅವರವ್ವನ ತಾವೇ ಇರ್ಬೇಕಂತೆ ಅನ್ನು. ಎಷ್ಟು ದಿನ ಆದ್ರೂ ಇರ್ಲಿ."

ತಿಮ್ಮಯ್ಯ ನಗು ತಡೆದುಕೊಂಡು ತಲೆ ಕೆರೆದ. "ಏಳ್ತೀನಿ ಬುಡಣ್ಣ. ಆದ್ರೆ ಅತ್ತಿಗೆ ನಂಬಾಕಿಲ್ಲ. ಕರೆದೋರ್ಯಾರು ಅಂತಾಳೆ. ನಿನ್ನೆಸ್ರು ಏಳಿದ್ರೆ, ಸುಮ್ನೆ ಸಮಾಧಾನಕ್ಕೆ ಏಳ್ತವ್ರೆ ಅಂದ್ಕೊಂಡು ಗಾಡಿ ಹತ್ಬುಡ್ತಾಳೆ."

ಅದು ನಿಜವಾಗಿತ್ತು. ಅಂಕಯ್ಯ ಬೀದಿಯ ಕಡೆ ನೋಡಿದ. ಪಂಚಾಯ್ತಿಯಲ್ಲಿ ತನ್ನ ಮೀಸೆಗೆ ಅಂಜುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ಬೇಲಿಯ ಮೂಲೆಯಲ್ಲಿ ಚಿಕ್ಕಬೋರಮ್ಮ ಒಬ್ಬಳೇ ನಗದೆ, ಕಣ್ಣಿಗೆ ಸೆರಗು ಒತ್ತಿಕೊಂಡಿದ್ದಳು. ಅವನು ನೊರೆ ಆರದ ತಂಬಿಗೆಯನ್ನು ತಿಮ್ಮಯ್ಯನ ಕೈಗೆ ಕೊಟ್ಟ.

"ಇದ ಅವರವ್ವಂಗೆ ಒಂದ್ ಗುಟುಕು ಕುಡ್ಸು ಅನ್ನು. ಕರೆದೋರ್ಯಾರು ಅಂದ್ರೆ, ಈಗ ನೋಡ್ದಲ್ಲ, ಅದನ್ನೇ ಏಳು. ನಿನ್ನ ಸೀರೆ ಉಟ್ಕೊಂಡು ಬೀದೀಲಿ ನಿಂತಿದ್ದ ಅನ್ನು. ಹಸ್ರು ಸೀರೆ, ಅಂಚಲ್ಲಿ ಒಲಿಗೆ ಆಕಿರೋದು. ಅಂಗಂದ್ರೆ ನಂಬ್ತಾಳೆ."

ತಿಮ್ಮಯ್ಯ ಆಮೇಲೆ ನಗಲಿಲ್ಲ. ತಂಬಿಗೆಯನ್ನು ಹುಲ್ಲಿನ ಮೇಲೆ ಜೋಪಾನವಾಗಿ ಇಟ್ಟುಕೊಂಡು ಎತ್ತುಗಳನ್ನು ಹೊರಡಿಸಿದ. ಗಾಡಿ ಕಿರುಗಾವಲಿನ ದಾರಿಗೆ ತಿರುಗುವವರೆಗೂ ಅಂಕಯ್ಯ ಅಲ್ಲೇ ನಿಂತಿದ್ದು, ಜಾರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದ. ಕೆಚ್ಚಲಲ್ಲಿ ಇನ್ನೂ ಅರ್ಧ ಹಾಲಿತ್ತು. ಬೇರೊಂದು ಚೊಂಬು ತೆಗೆದುಕೊಂಡು ಎಮ್ಮೆಯ ಪಕ್ಕ ಕೂತ. ಬೀದಿ ಬಾಗಿಲು ತೆರೆದೇ ಇತ್ತು, ಹಾಕಿಕೊಳ್ಳಲು ಅವನು ಏಳಲಿಲ್ಲ.