ಬಾಲದಮ್ಮನ ಹದಿನೇಳು ಡ್ರಾಯರುಗಳು

ನಿಘಂಟು ಕಚೇರಿಯಲ್ಲಿ ಆಕೆಗೆ ಬಾಲದಮ್ಮ ಎಂದು ಹೆಸರಿಟ್ಟವನು ಜವಾನ. ಎಲ್ಲರೂ ಪದವನ್ನು ತಲೆಯಿಂದ ಹಿಡಿದರೆ ಈಯಮ್ಮ ಬಾಲದಿಂದ ಹಿಡಿಯುತ್ತಾರೆ ಎಂದು ಅವನ ತಕರಾರು. ಉಳಿದವರು ಅದನ್ನು ಬರೀ ತಮಾಷೆ ಎಂದುಕೊಂಡರು, ಆದರೆ ತಕರಾರಿನಲ್ಲಿ ಸುಳ್ಳಿರಲಿಲ್ಲ. ಹಳೆಯ ಪುಸ್ತಕಗಳಿಂದ ಪದ ಹೆಕ್ಕಿ ಚೀಟಿಗೆ ಬರೆದು, ಅಕಾರಾದಿಯಾಗಿ ಮರದ ಡ್ರಾಯರಿಗೆ ಸೇರಿಸುವುದು ಆಕೆಯ ಕೆಲಸ. ಸಂಬಳ ಅಷ್ಟಕ್ಕೇ. ಆದರೆ ಇಪ್ಪತ್ತೆರಡು ವರ್ಷ ಆಕೆ ಊಟದ ಹೊತ್ತಿನಲ್ಲಿ ಅದೇ ಪದಕ್ಕೆ ಇನ್ನೊಂದು ಚೀಟಿ ಬರೆದು, ಹಿಂದಿನ ಗೋಡೆಯ ಹದಿನೇಳು ಡ್ರಾಯರುಗಳಲ್ಲಿ ಪದದ ಕೊನೆ ನೋಡಿ ಜೋಡಿಸುತ್ತ ಬಂದಳು. ಬಡತನ, ಕಳ್ಳತನ, ಒಂಟಿತನ ಒಂದು ಕಡೆ. ಹಾಡುಗಾರ, ಮೋಸಗಾರ ಇನ್ನೊಂದು ಕಡೆ.

ಹಾಗೆ ಜೋಡಿಸಿದ್ದರಿಂದಲೇ ಆಕೆಗೆ ಕೆಲವು ಸಂಗತಿ ಕಂಡವು. 'ಗಾರ' ಒಳ್ಳೆಯವನಿಗೂ ಅಂಟುತ್ತದೆ, ಕೆಟ್ಟವನಿಗೂ ಅಂಟುತ್ತದೆ. 'ಕೋರ' ಹಾಗಲ್ಲ. ಲಂಚಕೋರ, ಚಾಡಿಕೋರ, ದಂಗೆಕೋರ: ಡ್ರಾಯರು ಪೂರ್ತಿ ಜಾಲಾಡಿದರೂ ಮನೆಗೆ ಕರೆದು ಕೂರಿಸುವಂಥ ಒಬ್ಬನೂ ಸಿಗಲಿಲ್ಲ. ಇದನ್ನು ಕಂಡ ದಿನ ಆಕೆ ಒಬ್ಬಳೇ ಕೂತು ನಕ್ಕಿದ್ದಳು. ಈಗ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮನೆಗೆ ಹೋಗುವ ಮುಂಚೆ ಈ ಚೀಟಿಗಳಿಂದ ಒಂದು ಪುಸ್ತಕ, ಮೇಲೆ ತನ್ನ ಹೆಸರು. ಬಾಳಿನಲ್ಲಿ ಆಕೆ ಬೇರೇನನ್ನೂ ಇಷ್ಟು ಆಸೆಪಟ್ಟಿರಲಿಲ್ಲ.

ಆ ಡ್ರಾಯರುಗಳ ಮೇಲೆ ಒಳಗೇನಿದೆ ಎಂದು ಆಕೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅದಕ್ಕೆ ಕಾರಣವಿತ್ತು. ಈ ಚೀಟಿಗಳನ್ನು ಶುರುಮಾಡುವ ಮುಂಚೆ ಒಮ್ಮೆ ಒಂದು ಲೇಖನ ಬರೆದು ನಿಘಂಟಿನ ಸಂಪಾದಕರಿಗೆ ತೋರಿಸಿದ್ದಳು. ಅದು ಅವರ ಹೆಸರಿನಲ್ಲಿ ಅಚ್ಚಾಯಿತು. ಕೊನೆಯಲ್ಲಿ 'ಕಚೇರಿಯ ಸಹಾಯಕರಿಗೆ' ಕೃತಜ್ಞತೆ. ಆಕೆ ನುಂಗಿಕೊಂಡಳು, ಮರೆಯಲಿಲ್ಲ. ಆಮೇಲೆ ಯಾರು ಆ ಡ್ರಾಯರು ಎಳೆದರೂ ಒಂದೇ ಮಾತು: "ಅವು ಇನ್ನೂ ಜೋಡಿಸಿಲ್ಲ, ಮುಟ್ಬೇಡಿ."

ನಿವೃತ್ತಿ ಹತ್ತಿರವಾದ ಆ ದಿನಗಳಲ್ಲೇ ಅವಳ ಅಮ್ಮ ತೀರಿಕೊಂಡರು. ಎಂಟು ದಿನ ರಜೆ ಹಾಕಿ, ಒಂಬತ್ತನೆಯ ದಿನ ಕಚೇರಿಗೆ ಬಂದರೆ ಹಿಂದಿನ ಗೋಡೆ ಒರೆಸಿ ಫಳಫಳ ಎನ್ನುತ್ತಿತ್ತು. ಡ್ರಾಯರುಗಳು ಖಾಲಿ.

ಸಂಪಾದಕರು ಮೊಣಕಾಲು ಉಜ್ಜಿಕೊಳ್ಳುತ್ತ ಎದ್ದು ಬಂದರು.

"ಬನ್ನಿ ಬನ್ನಿ. ಅಮ್ಮ ಹೋದ ದುಃಖದಲ್ಲಿ ಬರ್ತೀರಿ, ಬಂದ ತಕ್ಷಣ ಈ ರಾಶಿ ಮುಂದೆ ಕೂತ್ಕೋಬೇಕಾ ಅಂತ ಎಲ್ಲಾ ಸೇರಿ ಜೋಡಿಸಿಬಿಟ್ವಿ. ಭಾನುವಾರಾನೂ ಬಂದಿದ್ವಿ. ನಾನೂ ನೆಲದ ಮೇಲೇ ಕೂತಿದ್ದೆ, ಮಂಡಿ ಹಿಡ್ಕೊಂಡಿದೆ ನೋಡಿ."

"ಚೀಟಿಗಳು ಎಲ್ಲಿ ಸಾರ್?"

ಅವರು ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ಒಂದೊಂದೂ ಮುಂದಿನ ಡ್ರಾಯರಲ್ಲಿ ಆಗಲೇ ಇತ್ತು. ಮರೆತು ಎರಡೆರಡು ಸಲ ಬರ್ದಿದೀರಿ. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗುತ್ತೆ. ರದ್ದಿಗೆ ಹಾಕಿಸಿದೆ. ಮೇಲಿನವರ ಕಿವಿಗೆ ಬೀಳದ ಹಾಗೆ ನೋಡ್ಕೊಂಡಿದೀನಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಈ ಮನುಷ್ಯ ಕದಿಯುತ್ತಾನೆಂದು ಆಕೆ ಇಪ್ಪತ್ತೆರಡು ವರ್ಷ ಕಾವಲು ಕಾದಳು. ಕದ್ದಿದ್ದರೆ ಪುಸ್ತಕವಾದರೂ ಉಳಿಯುತ್ತಿತ್ತು. ಇವರು ಕನಿಕರಪಟ್ಟರು. ಬೈಯಬೇಕೆಂದರೆ ಎದುರಿಗೆ ಒಬ್ಬ ಕೆಟ್ಟವನಿರಬೇಕಲ್ಲ. ಜೋಡಿಸಿಲ್ಲ ಎಂದು ಸುಳ್ಳು ಹೇಳಿದವಳು ತಾನೇ.

"ದೊಡ್ಡ ಉಪಕಾರ ಆಯ್ತು ಸಾರ್," ಎಂದಳು.

ಊಟದ ಹೊತ್ತಿಗೆ ಚಪ್ಪಲಿ ಹರಿಯುವ ಹಾಗೆ ರದ್ದಿ ಅಂಗಡಿಗೆ ಓಡಿದಳು. ಅಂಗಡಿಯವನು ತಕ್ಕಡಿ ಒರೆಸುತ್ತಿದ್ದ.

"ಮೊನ್ನೇನೇ ಲಾರಿ ಕಾಗದದ ಗಿರಣಿಗೆ ಹೋಯ್ತಲ್ಲಮ್ಮ. ಒಳ್ಳೇ ದಪ್ಪ ಕಾಗದ, ತೂಕ ಚೆನ್ನಾಗಿ ಬಂತು."

ಹಿಂದಿರುಗಿ ಬಂದಾಗ ಜವಾನ ಯಾವತ್ತಿನಂತೆ ಎರಡು ಖಾಲಿ ಚೀಟಿ ಮೇಜಿನ ಮೇಲಿಟ್ಟು, "ತಗೊಳ್ಳಿ ಬಾಲದಮ್ಮ," ಎಂದು ಹಲ್ಲು ಕಿರಿದ. ಒಂದು ಪದಕ್ಕೆ ಎಲ್ಲರಿಗೂ ಒಂದು ಚೀಟಿ, ಈಕೆಗೆ ಎರಡು ಕೊಡುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಆಕೆ ಪುಸ್ತಕ ತೆರೆದು ಮುಂದಿನ ಪದ ಬರೆದಳು. ಇನ್ನೊಂದು ಚೀಟಿಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟಳು.